ಒಂದೂವರೆ ಅಡಿ ಎತ್ತರ

ಜೂನ್ 3, ಸೋಮವಾರ

ನಮ್ಮನೆಯವರು ಇವತ್ತು ಕುರ್ಚಿಯಿಂದ ಬಿದ್ದರು. ಕುರ್ಚಿ ಹತ್ತಿ ನಿಂತು ಬಿದ್ದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಇವರು ಸುಮ್ಮನೆ ಕೂತಿದ್ದವರು ಬಿದ್ದರು. ಹೊಲಿಗೆ ಮಿಷಿನ್ನಿನ ಮುಂದೆ ಕೂತುಕೊಂಡೇ, ಹಿಂದಿನ ಮೇಜಿನ ಮೇಲಿದ್ದ ಕತ್ತರಿಗೆ ತಿರುಗಿಯೂ ನೋಡದೆ ಕೈ ಚಾಚಿದ್ದಾರೆ. ಕುರ್ಚಿಯ ಹಿಂಗಾಲು ಜಾರಿದೆ. ಇವರು ಅಂಗಾತ, ತಲೆಯ ಹಿಂಭಾಗ ಮೇಜಿನ ಅಂಚಿಗೆ. ನಾನು ಡ್ಯೂಟಿ ಮುಗಿಸಿ ಬಂದಾಗ ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಯುದ್ಧ ಗೆದ್ದು ಬಂದವರ ಹಾಗೆ ಕೂತಿದ್ದರು.

"ಎಷ್ಟು ಎತ್ತರದಿಂದ ಬಿದ್ರಿ?" ಎಂದೆ.

"ಕುರ್ಚಿ ಎಷ್ಟು ಎತ್ತರ ಇರುತ್ತೋ ಅಷ್ಟು."

ಅವರ ಕೊರಳಲ್ಲೇ ನೇತಾಡುತ್ತಿದ್ದ ಟೇಪು ಎಳೆದುಕೊಂಡು ಕುರ್ಚಿಯನ್ನು ಅಳೆದೆ. ಒಂದೂವರೆ ಅಡಿ. "ರೀ, ನಮ್ಮ ಆಸ್ಪತ್ರೆಗೆ ಮೂರನೇ ಮಹಡಿಯಿಂದ ಬಿದ್ದೋರು ಬರ್ತಾರೆ. ಅವರು ಕೂಡ ಇಷ್ಟು ದೊಡ್ಡ ಟವೆಲ್ ಸುತ್ಕೊಳ್ಳಲ್ಲ" ಎಂದೆ.

"ಸ್ವಲ್ಪ ಅಯ್ಯೋ ಪಾಪ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅಯ್ಯೋ ಪಾಪ ಐದು ಅಡಿ ಮೇಲಿನೋರಿಗೆ ಮಾತ್ರ."

ಹಾಗೆಂದು ನನ್ನ ಕೆಲಸ ಬಿಡಲಿಲ್ಲ. ಟಾರ್ಚ್ ಬಿಟ್ಟು ಕಣ್ಣು ನೋಡಿದೆ. ನನ್ನ ಬೆರಳು ಹಿಡಿದು ಹಿಸುಕಲು ಹೇಳಿದೆ, ನೋಯುವಷ್ಟು ಹಿಸುಕಿದರು. ಇವತ್ತು ಯಾವ ವಾರ ಎಂದು ಕೇಳಿದೆ. "ನೀನು ಬೈಯೋ ವಾರ" ಎಂದರು. ತಲೆ ಸರಿಯಾಗಿದೆ. ನಿಂಬೆಯ ಗಾತ್ರದ ಒಂದು ಊತ, ಅಷ್ಟೇ. ಐಸ್ ಇಟ್ಟು ಮಲಗಿಸಿದೆ.

ಈ ಡೈರಿ ಮಗಳು ಹೊಸ ವರ್ಷಕ್ಕೆ ಕೊಟ್ಟದ್ದು. "ಅಮ್ಮಾ, ಬಾಯಿಗೆ ಬಂದದ್ದನ್ನೆಲ್ಲ ಇದರಲ್ಲಿ ಬರಿ, ಅಪ್ಪನ ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ" ಎಂದಿದ್ದಳು. ಅರ್ಧ ವರ್ಷ ಖಾಲಿ ಹೋಯಿತು. ಅಪ್ಪ ಬಿದ್ದ ದಿನದಿಂದಲೇ ಶುರುವಾಗಲಿ.

ಜೂನ್ 6, ಗುರುವಾರ

ನಮ್ಮ ಅಪಘಾತ ವಿಭಾಗಕ್ಕೆ ಹೊಸ ಡಾಕ್ಟರಮ್ಮ ಬಂದಿದ್ದಾಳೆ. ನಮ್ಮ ಮಗಳಿಗಿಂತ ಚಿಕ್ಕವಳು. ಮೂಗಿನ ತುದಿಗೆ ಜಾರುವ ಕನ್ನಡಕ, ಅದನ್ನು ಮೇಲೆ ತಳ್ಳುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಅವಳಿಗೊಂದು ಅಧ್ಯಯನ ಮಾಡಬೇಕಂತೆ. ಗಾಯ ಆದ ಕಾರಣಕ್ಕೂ ಗಾಯದ ತೀವ್ರತೆಗೂ ಏನು ಸಂಬಂಧ ಎಂದು.

"ಇದಕ್ಕೆ ಅಧ್ಯಯನ ಬೇಕಾ ಡಾಕ್ಟರಮ್ಮ? ನನ್ನ ಕೇಳಿ, ಟೀ ಕುಡಿಯೋದ್ರೊಳಗೆ ಹೇಳ್ತೀನಿ" ಎಂದೆ.

ನಾನು ಕೊಚ್ಚಿಕೊಂಡದ್ದಲ್ಲ. ನಮ್ಮಲ್ಲಿ ಇದೊಂದು ಆಟವೇ ಇದೆ. ಬಾಗಿಲಲ್ಲಿ ಗಾಡಿ ನಿಂತ ಕೂಡಲೇ ಸ್ಟ್ರೆಚರಣ್ಣ ಅಲ್ಲಿಂದಲೇ ಕಾರಣ ಕೂಗುತ್ತಾನೆ. "ಬೈಕು, ಲಾರಿ." "ಏಣಿ." "ಜಗಳ, ದೊಣ್ಣೆ." ನಾನು ಮೇಜಿನಿಂದ ಏಳದೆ ಬಣ್ಣ ಹೇಳುತ್ತೇನೆ. ಕೆಂಪು ಎಂದರೆ ಈಗಿಂದೀಗಲೇ ಒಳಗೆ, ಹಳದಿ ಎಂದರೆ ಸ್ವಲ್ಪ ತಡೆಯಬಹುದು, ಹಸಿರು ಎಂದರೆ ಗೋಡೆ ಪಕ್ಕದ ಬೆಂಚು. ಆಮೇಲೆ ಡಾಕ್ಟರು ನೋಡಿ ಏನು ಹೇಳುತ್ತಾರೋ ಅದೇ ತೀರ್ಪು. ಸೋತವರು ಎಲ್ಲರಿಗೂ ಟೀ ಕೊಡಿಸಬೇಕು. ನಾನು ಟೀ ಕೊಡಿಸಿ ಯಾವ ಕಾಲವಾಯಿತೋ ನನಗೇ ನೆನಪಿಲ್ಲ.

ಕನ್ನಡಕ ಮೇಲೆ ತಳ್ಳಿ ಡಾಕ್ಟರಮ್ಮ ನಕ್ಕಳು. "ಹಾಗಾದ್ರೆ ನೀವು ಹೇಳೋ ಬಣ್ಣಾನೂ ಬರ್ಕೋತೀನಿ ಸಿಸ್ಟರ್. ಕೊನೇಲಿ ಹೋಲಿಸಿ ನೋಡೋಣ."

ಬರೆದುಕೊಳ್ಳಲಿ. ನನಗೇನು ಭಯ.

ಜೂನ್ 11, ಮಂಗಳವಾರ

ಎರಡನೇ ಮಹಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಬಿದ್ದು ಬಂದ. ಕೆಂಪು ಎಂದೆ. ಬೆನ್ನುಮೂಳೆ, ತೊಡೆ, ಎರಡು ಪಕ್ಕೆಲುಬು. ಸರಿಯಾಯಿತು. ಮುಖವೆಲ್ಲ ಹಸಿರು ಬಣ್ಣ ಚೆಲ್ಲಿಕೊಂಡು ಮಲಗಿದ್ದ ಅವನು "ಸಿಸ್ಟರ್, ಗೋಡೆಯಲ್ಲಿ ಒಂದು ಮೂಲೆ ಉಳಿದಿದೆ" ಎಂದು ಅಳುತ್ತಿದ್ದ. ಮನೆಗೆ ಬಂದು ಟೈಲರ್ ಮಹಾಶಯರಿಗೆ ಹೇಳಿದೆ. "ನೋಡಿ, ಬೀಳೋದು ಅಂದ್ರೆ ಅದು."

"ಮುಂದಿನ ಸಲ ನಿನ್ನ ಮನಸ್ಸಿಗೆ ಒಪ್ಪೋ ಹಾಗೆ ಬೀಳ್ತೀನಿ" ಎಂದರು. ಊತ ಇಳಿದುಹೋಗಿದೆ. ಬಾಯಿಯ ಚುರುಕಂತೂ ಇಳಿದಿಲ್ಲ.

ಜೂನ್ 14, ಶುಕ್ರವಾರ

ಬೈಕು ಲಾರಿಯ ಚಕ್ರದಡಿ ಹೋಯಿತಂತೆ, ಸವಾರ ಬಂದ. ಕೆಂಪು ಎಂದು ಎದ್ದೇ ನಿಂತೆ. ಹುಡುಗ ನಡೆದುಕೊಂಡು ಬಂದ. ಮೊಣಕೈ ತರಚಿದೆ, ಹೆಲ್ಮೆಟ್ ಎರಡು ಹೋಳು. ಡಾಕ್ಟರಮ್ಮ ಮೇಲಿಂದ ಕೆಳಗೆ ಹುಡುಕಿದಳು, ಏನೂ ಸಿಗಲಿಲ್ಲ. ಟೀ ಕೊಡಿಸಬೇಕಾಯಿತು. ಸ್ಟ್ರೆಚರಣ್ಣ ಬೇಕೆಂದೇ ಎರಡು ಲೋಟ ಕುಡಿದ.

"ಒಂದು ತಪ್ಪಿಗೆ ನನ್ನ ಇಷ್ಟು ವರ್ಷದ ಹೆಸರು ಹೋಗಲ್ಲ" ಎಂದೆ.

"ಇಲ್ಲ ಸಿಸ್ಟರ್, ಈ ಕಡೆ ತಪ್ಪಿದ್ರೆ ಟೀ ಹೋಗುತ್ತೆ ಅಷ್ಟೇ" ಎಂದಳು ಡಾಕ್ಟರಮ್ಮ. ಆ ಕಡೆ ತಪ್ಪಿದರೆ ಏನು ಹೋಗುತ್ತದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್ 20, ಗುರುವಾರ

ಇವತ್ತು ನಕ್ಕು ನಕ್ಕು ಸಾಕಾಯಿತು. ಪಕ್ಕದ ಬೀದಿಯ ಬ್ಯಾಂಕ್ ಮ್ಯಾನೇಜರ್ ಹೊಸ ಪ್ಯಾಂಟು ಹಾಕಿಕೊಂಡು ನೇರ ನಮ್ಮ ಮನೆ ಬಾಗಿಲಿಗೆ ಬಂದರು. ಬಲಗಾಲು ಅಚ್ಚುಕಟ್ಟಾಗಿ ಮಡಚಿ ಹೊಲಿದಿದೆ. ಎಡಗಾಲಿನದ್ದು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ಉಳಿದಿದೆ. ಮೀಟಿಂಗಿನಲ್ಲಿ ಯಾರೋ ತೋರಿಸಿದ ಮೇಲೇ ಅವರಿಗೆ ಗೊತ್ತಾದದ್ದಂತೆ.

"ಹೊಸ ಫ್ಯಾಷನ್ ಸಾರ್, ಒಂದು ಕಾಲು ಆಫೀಸಿಗೆ, ಒಂದು ಕಾಲು ಮನೆಗೆ" ಎಂದೆ. ಮ್ಯಾನೇಜರೂ ನಕ್ಕರು. ನಮ್ಮನೆಯವರು ಮಾತ್ರ ನಗಲಿಲ್ಲ. ಪ್ಯಾಂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾ "ಎರಡೂ ಹೊಲಿದಿದ್ದೆನಲ್ಲ" ಎಂದರು. ಮದುವೆಯಾದಾಗಿನಿಂದ ಅವರ ಕೈಯಿಂದ ಇಂಥದ್ದು ನೋಡಿಲ್ಲ. ವಯಸ್ಸಾಯಿತು, ಕನ್ನಡಕ ಬದಲಾಯಿಸಬೇಕು. ಭಾನುವಾರ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ "ಆಯ್ತು" ಎಂದರು. ವಾದವೇ ಇಲ್ಲ. ಕನ್ನಡಕದಂಗಡಿ ಎಂದರೆ ಮಾರು ದೂರ ಓಡುವ ಮನುಷ್ಯ.

ಜೂನ್ 22, ಶನಿವಾರ

ಮನೆಯೆಲ್ಲ ತಲೆನೋವಿನ ಮುಲಾಮಿನ ವಾಸನೆ. ಯಾರಿಗೆ ಎಂದು ಕೇಳಿದೆ. "ಕತ್ತು ಹಿಡ್ಕೊಂಡಿದೆ, ಬಗ್ಗಿ ಹೊಲಿದು ಹೊಲಿದು" ಎಂದರು. ಬೆಳಿಗ್ಗೆ ಎದೆಯ ಮಾತ್ರೆ ಕೊಡುವಾಗ ನೋಡಿದೆ, ಮುಲಾಮು ಹಣೆಯ ಮೇಲೆ ಮಿನುಗುತ್ತಿತ್ತು. "ನಿಮ್ಮ ಕತ್ತು ಈಚೆಗೆ ಬಹಳ ಮೇಲೆ ಬಂದಿದೆ" ಎಂದೆ. ಏನೋ ಹೇಳಲು ಬಾಯಿ ತೆರೆದರು.

"ಮತ್ತೆ ಎಲ್ಲಿಂದ ಬಿದ್ರಿ? ಟೇಪ್ ತರ್ಲಾ?" ಎಂದೆ.

ಬಾಯಿ ಮುಚ್ಚಿಕೊಂಡು ಮಾತ್ರೆ ನುಂಗಿದರು.

ಜೂನ್ 25, ಮಂಗಳವಾರ

ಮಗಳ ಫೋನು. ಅಪ್ಪನ ಹತ್ತಿರ ಮಾತಾಡಿ ಆಮೇಲೆ ನನ್ನನ್ನು ಕೇಳಿದಳು, "ಅಮ್ಮಾ, ಅಪ್ಪ ಯಾಕೋ ನಿಧಾನ ಮಾತಾಡ್ತಾರೆ."

"ನಿಮ್ಮಪ್ಪ ಅವಸರ ಮಾಡಿದ್ದು ಒಂದೇ ಸಲ, ನನ್ನ ಮದುವೆ ಆಗೋಕೆ."

"ಹಾಗಲ್ಲಮ್ಮ. ನಾನು ಕೇಳಿದ್ದಕ್ಕೆ ಉತ್ತರ ಹೇಳೋಕೆ ತಡ ಮಾಡ್ತಾರೆ."

"ಎದುರಿಗೆ ಕೂತ ನನಗೇ ಉತ್ತರ ಕೊಡಲ್ಲ, ಇನ್ನು ನಿನಗೆ ಕೊಡ್ತಾರಾ."

ಬರೆದ ಮೇಲೆ ಯೋಚಿಸಿದರೆ ಅದು ನಿಜ. ಈ ವಾರ ಅವರು ನನ್ನ ಯಾವ ಮಾತಿಗೂ ತಿರುಗಿಸಿ ಕೊಟ್ಟಿಲ್ಲ. ಪ್ಯಾಂಟಿನ ವಿಷಯಕ್ಕೆ ಮುನಿಸಿಕೊಂಡಿರಬೇಕು. ಮುನಿಸಿಕೊಳ್ಳಲಿ, ಹಸಿವಾದಾಗ ಸರಿಹೋಗುತ್ತಾರೆ. ಕನ್ನಡಕದಂಗಡಿಗೆ ಹೋಗಲಿಕ್ಕೂ ಆಗಲಿಲ್ಲ. ಭಾನುವಾರವಿಡೀ ನಿದ್ದೆ.

ಜೂನ್ 28, ಶುಕ್ರವಾರ

ಹೊಸಿಲು ಎಡವಿದ ಅಜ್ಜಿಯೊಬ್ಬರನ್ನು ಮೊಮ್ಮಗಳು ಆಟೋದಲ್ಲಿ ಕರೆತಂದಳು. ಸೆರಗು ಸರಿಮಾಡಿಕೊಂಡು, ತೊಂದರೆ ಕೊಟ್ಟೆನಲ್ಲ ಎಂದು ನನ್ನನ್ನೇ ಸಮಾಧಾನ ಮಾಡುವ ಅಜ್ಜಿ. ಹಸಿರು ಎಂದೆ. ಬೆಂಚಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಒಂದು ವ್ಯಾನು ಉರುಳಿ ಒಟ್ಟೊಟ್ಟಿಗೆ ಜನ ಬಂದರು, ನಾವೆಲ್ಲ ಅತ್ತ ಓಡಿದೆವು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬೆಂಚಿನ ಹತ್ತಿರ ಹೋದಳು. ಅಜ್ಜಿ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅದು ತೂಕಡಿಕೆಯಾಗಿರಲಿಲ್ಲ.

ಒಳಗೆ ಅಡ್ಮಿಟ್ ಮಾಡಿದ್ದಾರೆ. ನೋಡೋಣ.

ಜೂನ್ 30, ಭಾನುವಾರ

ಅಜ್ಜಿ ತೀರಿಕೊಂಡರು. ಇವತ್ತು ಬರೆಯಲು ಏನೂ ಇಲ್ಲ.

ಜುಲೈ 2, ಮಂಗಳವಾರ

ಊಟಕ್ಕೆ ಕೂತಾಗ ನಮ್ಮನೆಯವರಿಗೆ ಅಜ್ಜಿಯ ವಿಷಯ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು. ಹುಡುಗರು ಲಾರಿಯಡಿಯಿಂದ ಎದ್ದು ಬರುತ್ತಾರೆ, ಅಜ್ಜಿ ಹೊಸಿಲು ಎಡವಿ ಹೋಗಿಬಿಡುತ್ತಾರೆ, ಇದ್ಯಾವ ನ್ಯಾಯ ಎಂದೆ.

ಬಹಳ ಹೊತ್ತು ಬಿಟ್ಟು ಕೇಳಿದರು, "ಎಷ್ಟು ಎತ್ತರ?"

"ಏನು ಎತ್ತರ?"

"ಹೊಸಿಲು."

ನನಗೆ ಸಿಟ್ಟು ಬಂತು. ಸತ್ತವರ ವಿಷಯದಲ್ಲೂ ನನ್ನ ಮಾತನ್ನೇ ತಿರುಗಿಸಿ ಆಡಿಕೊಳ್ಳುತ್ತಾರಲ್ಲ ಎಂದು. ಎದ್ದು ತಟ್ಟೆ ತೊಳೆಯಲು ಹೋದೆ. ತಿರುಗಿ ನೋಡಿದರೆ ಇನ್ನೂ ಹಾಗೇ ಕೂತು, ಎಂಜಲು ಒಣಗಿದ ಕೈಯಲ್ಲಿ ತಲೆಯ ಹಿಂಭಾಗ ಸವರಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ಬಲಭಾಗದ ಅನ್ನ ಮಾತ್ರ ಖಾಲಿಯಾಗಿತ್ತು, ಎಡಭಾಗದ್ದು ಮುಟ್ಟಿಯೇ ಇರಲಿಲ್ಲ. "ಅರ್ಧ ಊಟ ಯಾರಿಗೆ ಬಿಟ್ಟಿದ್ದೀರಿ?" ಎಂದು ಗದರಿಸಿದೆ.

ಜುಲೈ 5, ಶುಕ್ರವಾರ

ಅಂಗಳದಲ್ಲಿ ಒಂಟಿ ಚಪ್ಪಲಿ. ಎಡಗಾಲಿನದ್ದು. ಮಹಾಶಯರು ಬಲಗಾಲಿನದ್ದನ್ನು ಮಾತ್ರ ಹಾಕಿಕೊಂಡು ಅಂಗಡಿಗೆ ಹೋಗಿ ದಾರ ತಂದಿದ್ದಾರೆ. "ಇನ್ನೊಂದು ಎಲ್ಲಿ?" ಎಂದರೆ ಕಾಲು ನೋಡಿಕೊಂಡು ಆಶ್ಚರ್ಯಪಟ್ಟರು. "ಬೀದಿಯೋರು ನೋಡಿ ಟೈಲರಿಗೆ ಹೆಂಡತಿ ಒಂದೇ ಚಪ್ಪಲಿ ಕೊಡ್ಸಿದ್ದಾಳೆ ಅಂದ್ಕೋತಾರೆ" ಎಂದೆ. ಒಂದು ನಗು ನಕ್ಕರು. ಬಾಯಿಯ ಒಂದು ಮೂಲೆಯಲ್ಲಷ್ಟೇ. ಅದೊಂದು ಹೊಸ ಸ್ಟೈಲು.

ಜುಲೈ 10, ಬುಧವಾರ

ಡಾಕ್ಟರಮ್ಮ ತನ್ನ ಲೆಕ್ಕ ತೋರಿಸಿದಳು. ಇಷ್ಟು ದಿನ ಬಂದವರು, ಅವರ ಕಾರಣ, ನಾನು ಹೇಳಿದ ಬಣ್ಣ, ನಿಜವಾದ ಬಣ್ಣ. ವಾಹನ ಡಿಕ್ಕಿಯಲ್ಲಿ ನಾನು ಹೇಳಿದ್ದು ಹೆಚ್ಚು ಕಡಿಮೆ ಎಲ್ಲ ಸರಿ. ಮೇಲಿಂದ ಬಿದ್ದವರಲ್ಲೂ ಸರಿ. ಜಗಳ, ಮಿಷಿನ್ನಿಗೆ ಸಿಕ್ಕ ಕೈ, ಸುಟ್ಟ ಗಾಯ, ಎಲ್ಲದರಲ್ಲೂ ಭೇಷ್. ಹಿಗ್ಗಿ ಹೀರೇಕಾಯಿಯಾದೆ.

ಆಮೇಲೆ ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ವಯಸ್ಸಾದವರು, ನಿಂತಲ್ಲೇ ಕೂತಲ್ಲೇ ಬಿದ್ದವರು. ಹಸಿರು, ಹಸಿರು, ಹಸಿರು ಎಂದು ನಾನು. ಪಕ್ಕದಲ್ಲಿ ಹಳದಿ, ಕೆಂಪು, ಕೆಂಪು.

"ಇವರು ಬಿದ್ದ ಎತ್ತರ ನೋಡ್ಬೇಡಿ ಸಿಸ್ಟರ್. ಬಿದ್ದೋರು ಯಾರು ಅಂತ ನೋಡಿ. ವಯಸ್ಸು, ಮಾತ್ರೆ, ಎಲುಬು. ತಲೆ ಒಳಗೆ ಒಂದು ಸಣ್ಣ ನಾಳ ಸೋರೋಕೆ ಶುರುವಾದ್ರೆ ವಾರಗಟ್ಟಲೆ ಗೊತ್ತೇ ಆಗಲ್ಲ. ಮನೆಯೋರು ವಯಸ್ಸಾಯ್ತು, ಮರೆವು ಅಂತ ಸುಮ್ಮನಿರ್ತಾರೆ."

ಅವಳು ಮೃದುವಾಗಿಯೇ ಹೇಳಿದಳು. ನನಗೆ ಅದೇ ತಡೆಯಲಾಗಲಿಲ್ಲ. "ನಂಗೂ ಓದೋಕೆ ಬರುತ್ತೆ ಡಾಕ್ಟರಮ್ಮ" ಎಂದು ಎದ್ದು ಬಂದೆ. ಮುಖ ಊದಿಸಿಕೊಂಡೇ ಮನೆಗೆ ಬಂದೆ. ಈ ಮನುಷ್ಯ ಮಿಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ. ದೀಪ ಉರಿಯುತ್ತಿದೆ, ಬಾಗಿಲು ಹಾರು ಹೊಡೆದಿದೆ, ಅರ್ಧ ಹೊಲಿದ ಅಂಗಿ ನೆಲದ ಮೇಲಿದೆ. ಡಾಕ್ಟರಮ್ಮನ ಮೇಲಿನ ಸಿಟ್ಟನ್ನೆಲ್ಲ ಇವರ ಮೇಲೆ ಸುರಿದೆ. ಬೈಗಳು ಮುಗಿಯುವವರೆಗೂ ಕಣ್ಣು ಬಿಟ್ಟುಕೊಂಡು ಕೇಳಿ, "ಊಟ ಆಯ್ತಾ?" ಎಂದರು.

ಇಂಥವರ ಹತ್ತಿರ ಜಗಳವಾಡಿ ಏನು ಸುಖ.

ಜುಲೈ 11, ಗುರುವಾರ

ಬರೆಯಬೇಕು. ಬರೆಯದಿದ್ದರೆ ಕೂರಲಾಗುವುದಿಲ್ಲ.

ಬೆಳಿಗ್ಗೆ ನಿನ್ನೆಯ ಸಿಟ್ಟಿನಲ್ಲೇ ಹೊರಟು ಊಟದ ಡಬ್ಬಿ ಮರೆತೆ. ಮಧ್ಯಾಹ್ನ ನನ್ನ ಮೇಜಿನಲ್ಲಿ ಕೂತಿದ್ದೆ. ಮೇಜಿಗೂ ಬಾಗಿಲಿಗೂ ನಡುವೆ ನೀಲಿ ಬಟ್ಟೆಯ ಪರದೆ ಇದೆ, ಅದರ ಕೆಳಗೆ ಬರುವವರ ಪಾದ ಮಾತ್ರ ಕಾಣುತ್ತದೆ. ಒಂದು ಜೊತೆ ಪಾದ ಬಂತು. ಬಲಗಾಲಿಗೆ ಚಪ್ಪಲಿ, ಎಡಗಾಲು ಬರಿಗಾಲು. ಎಡಗಾಲಿನ ಹೆಬ್ಬೆರಳು ನೆಲವನ್ನು ಗೀಚಿಕೊಂಡು ಬರುತ್ತಿತ್ತು, ತರಚಿ ರಕ್ತ ಬಂದಿದ್ದೂ ಆ ಕಾಲಿಗೆ ತಿಳಿದಿರಲಿಲ್ಲ. ಪಾದದ ಪಕ್ಕ ಏನೋ ತೊಟ್ಟಿಕ್ಕುತ್ತಿತ್ತು.

ಸ್ಟ್ರೆಚರಣ್ಣ ಕಾರಣ ಕೂಗುವುದರೊಳಗೆ ನಾನೇ ಹೇಳಿದೆ. "ಕೆಂಪು. ತಲೆ. ಬಲಗಡೆ ಒಳಗೆ ರಕ್ತ ಇದೆ. ಹಾಸಿಗೆ ರೆಡಿ ಮಾಡಿ."

ಅವನು ಪರದೆಯಾಚೆ ನೋಡಿದವನು ತಿರುಗಲಿಲ್ಲ. "ಸಿಸ್ಟರ್, ನಮ್ಮ ಟೈಲರಣ್ಣ" ಎಂದ.

ಪರದೆ ಸರಿಸಿಕೊಂಡು ಬಂದರು. ಎಡಗೈಯಲ್ಲಿ ನನ್ನ ಊಟದ ಡಬ್ಬಿ ಓರೆಯಾಗಿ ನೇತಾಡುತ್ತಿತ್ತು, ಒಳಗಿನದೆಲ್ಲ ಪ್ಯಾಂಟಿನ ಮೇಲೆ ಸೋರಿತ್ತು. "ಮರ್ತು ಬಂದಿದ್ದೆಯಲ್ಲ" ಎಂದರು. ಆ ಎರಡು ಪದಕ್ಕೆ ಎಷ್ಟು ಹೊತ್ತು ತೆಗೆದುಕೊಂಡರು. ಬೇರೆ ಯಾರದೋ ಗಂಡ ಹಾಗೆ ಮಾತಾಡಿದ್ದರೆ ನಾನು ಮೊದಲ ದಿನವೇ ಹಿಡಿಯುತ್ತಿದ್ದೆ.

ಡಾಕ್ಟರಮ್ಮ ಓಡಿ ಬಂದಳು. ಕಣ್ಣಿಗೆ ದೀಪ ಬಿಟ್ಟಳು, ಎರಡೂ ಕೈಗಳಿಗೆ ಬೆರಳು ಕೊಟ್ಟು ಹಿಸುಕಲು ಹೇಳಿದಳು.

"ತಲೆಗೆ ಏಟೇನಾದ್ರೂ ಬಿದ್ದಿತ್ತಾ ಸಿಸ್ಟರ್?"

"ಇಲ್ಲ" ಎಂದೆ. ಆಮೇಲೆ, "ಕುರ್ಚಿಯಿಂದ ಬಿದ್ದಿದ್ರು. ಹೋದ ತಿಂಗಳು. ಕೂತಲ್ಲಿಂದ."

"ಮಾತ್ರೆ ಏನಾದ್ರೂ?"

"ಎದೆಗೆ ಒಂದು. ರಕ್ತ ಹೆಪ್ಪುಗಟ್ಟದ ಹಾಗೆ. ದಿನಾ ಬೆಳಿಗ್ಗೆ ನಾನೇ ಕೊಡ್ತೀನಿ."

ಅವಳು ಕನ್ನಡಕ ಮೇಲೆ ತಳ್ಳಿದಳು. ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು.

ಸ್ಕ್ಯಾನಿನಲ್ಲಿ ಬಲಗಡೆ ಅಷ್ಟಗಲ ರಕ್ತ ನಿಂತು ಮೆದುಳನ್ನು ಪಕ್ಕಕ್ಕೆ ತಳ್ಳಿದೆ. ಹಳೆಯ ರಕ್ತ, ಅದರ ಮೇಲೆ ಹೊಸ ರಕ್ತ. ನಾಳೆ ಬೆಳಿಗ್ಗೆ ಮೊದಲ ಆಪರೇಷನ್ನೇ ಇವರದ್ದು. ಎದ್ದು ಬರುತ್ತಾರಾ ಎಂದು ದೊಡ್ಡ ಸರ್ಜನ್ ಹತ್ತಿರ ಕೇಳಿದೆ. "ನಿಮಗೆ ಗೊತ್ತಿಲ್ಲದ್ದೇನಿದೆ ಸಿಸ್ಟರ್" ಎಂದರು. ನನಗೆ ಗೊತ್ತಿದೆ. ಅದೇ ಕಷ್ಟ.

ಜುಲೈ 12, ಶುಕ್ರವಾರ

ತಲೆಬುರುಡೆಯಲ್ಲಿ ಎರಡು ತೂತು ಕೊರೆದು ರಕ್ತ ಹರಿಯಬಿಟ್ಟಿದ್ದಾರೆ. ಕಣ್ಣು ಬಿಟ್ಟಿದ್ದಾರೆ. ನನ್ನ ಗುರುತು ಹಿಡಿದರು.

ಎಡಗೈ ಇನ್ನೂ ಏಳುತ್ತಿಲ್ಲ.

ಜುಲೈ 15, ಸೋಮವಾರ

ಎಡಗೈ ಬೆರಳು ಇವತ್ತು ಮಡಚಿದರು. ಮಾತು ತೊದಲುತ್ತಿಲ್ಲ. ಗುಂಡಾಗಿ ಬೋಳಿಸಿದ ತಲೆಗೆ ಬಿಳಿ ಪಟ್ಟಿ.

ಡಾಕ್ಟರಮ್ಮ ಬಂದಳು. ಇವರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದಾ ಎಂದು ನನ್ನ ಮುಖ ನೋಡಿ ಕೇಳಿದಳು. ಸೇರಿಸಿ ಎಂದೆ. ಹಾಸಿಗೆಯ ಪಕ್ಕ ಕೂತು ಇವರನ್ನು ಒಂದೊಂದೇ ಕೇಳುತ್ತಾ ಹೋದಳು. ಹೇಗೆ ಬಿದ್ದಿರಿ, ತಲೆನೋವು ಯಾವಾಗ ಶುರುವಾಯಿತು.

"ಬಿದ್ದು ಎರಡು ವಾರಕ್ಕೇ ಶುರುವಾಯ್ತು ಡಾಕ್ಟರಮ್ಮ. ಇವಳಿಗೆ ಹೇಳೋಣ ಅನ್ಕೊಂಡೆ. ಹೇಳಿದ್ರೆ ಟೇಪ್ ತರ್ತಾಳೆ ಅಂತ ಸುಮ್ಮನಾದೆ."

ಹೇಳಿ ತಾವೇ ನಕ್ಕರು. ಡಾಕ್ಟರಮ್ಮ ಟೇಪಿನ ಕಥೆ ಗೊತ್ತಿಲ್ಲದೆಯೂ ನಕ್ಕಳು.

"ಮೊದಲೇ ಆಸ್ಪತ್ರೆಗೆ ಯಾಕೆ ಬರ್ಲಿಲ್ಲ? ದೂರ ಆಯ್ತಾ, ಗಾಡಿ ಸಿಗಲಿಲ್ವಾ, ಗೊತ್ತಾಗಲಿಲ್ವಾ?" ಎಲ್ಲರಿಗೂ ಕೇಳುವ ಪ್ರಶ್ನೆಯೇ ಅದು.

"ಯಾಕೆ ಬರ್ಬೇಕಿತ್ತು?" ಎಂದರು ಇವರು. ದಿಂಬಿನ ಮೇಲೆ ಸ್ವಲ್ಪ ತಲೆ ಎತ್ತಿ, ಹೆಮ್ಮೆಯಿಂದಲೇ ಹೇಳಿದರು. "ಮನೇಲೇ ಸಿಸ್ಟರ್ ಇದ್ದಾಳಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು.

"ಹಾಗೇ ಬರ್ಕೊಳ್ಳಿ" ಎಂದೆ.

"ಅದಕ್ಕೆ ಖಾನೆ ಇಲ್ಲ ಸಿಸ್ಟರ್."

"ಮಾಡಿ."

ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ನಲ್ಲಿ ಬಿಟ್ಟು ಬಹಳ ಹೊತ್ತು ನಿಂತಿದ್ದೆ.

ಜುಲೈ 18, ಗುರುವಾರ

ರಜೆ ಹಾಕಿ ಇವರ ಪಕ್ಕದಲ್ಲೇ ಇದ್ದೇನೆ. ಅವರು ಕೇಳಿದ್ದಕ್ಕೆಲ್ಲ ಆಯ್ತು ಎನ್ನುತ್ತೇನೆ. ಗಂಜಿ ಆರಿಸಿ ಚಮಚದಲ್ಲಿ ಕೊಡುತ್ತೇನೆ. ನಿನ್ನೆ ಹೊದಿಕೆಯ ಮೇಲೆಲ್ಲ ಹಾಲು ಚೆಲ್ಲಿದರು, "ಇರಲಿ ಬಿಡಿ, ಒರೆಸ್ತೀನಿ" ಎಂದೆ. ದಿಂಬು ಸರಿಮಾಡುತ್ತೇನೆ, ಕಾಲು ಒತ್ತುತ್ತೇನೆ. ನನ್ನ ಕೈಲಾದ್ದು ಇಷ್ಟೇ.

ಇವತ್ತು ಮಧ್ಯಾಹ್ನ ವಾರ್ಡಿನ ನರ್ಸ್ ಹೋದ ಮೇಲೆ, "ಬಾಗಿಲು ಹಾಕು" ಎಂದರು. ಹಾಕಿದೆ. "ಇಲ್ಲಿ ಕೂತ್ಕೋ." ಕೂತೆ. ಹೊದಿಕೆಯ ಅಂಚನ್ನು ಬಲಗೈಯಲ್ಲಿ ಮುದುರಿ ಮುದುರಿ ಹಿಡಿದಿದ್ದರು.

"ನಿಜ ಹೇಳು. ಡಾಕ್ಟರ್ ಏನಂದ್ರು?"

"ಚೆನ್ನಾಗಿದ್ದೀರಿ ಅಂದ್ರು. ಸೋಮವಾರ ಮನೆಗೆ ಹೋಗಬಹುದಂತೆ."

"ನನ್ನ ಹತ್ರ ಮುಚ್ಚಿಡ್ಬೇಡ. ಎಷ್ಟು ದಿನ ಅಂದ್ರು?"

"ಏನು ಎಷ್ಟು ದಿನ?"

"ನಾನು ಇರೋದು."

ನನಗೆ ಏನೂ ಅರ್ಥವಾಗಲಿಲ್ಲ.

"ಕಣ್ಣು ಬಿಟ್ಟಾಗಿನಿಂದ ನೋಡ್ತಿದ್ದೀನಿ. ನೀನು ಒಂದು ಸಲಾನೂ ನನ್ನ ಬೈದಿಲ್ಲ. ಹಾಲು ಚೆಲ್ಲಿದೆ, ಬೈಲಿಲ್ಲ. ನಾನು ಗಂಜಿ ಬೇಡ ಅಂದೆ, ನೀನು ಆಯ್ತು ರೀ ಅಂದೆ. ಊಟ ತಂದುಕೊಡೋಕೆ ನಿನ್ನ ಆಸ್ಪತ್ರೆಗೆ ಎಷ್ಟು ವರ್ಷದಿಂದ ಬರ್ತಿದ್ದೀನಿ. ಬದುಕೋರ ಹತ್ರ ನೀನು ಜಗಳಾನೇ ಆಡ್ತೀಯ. ಇನ್ನಿಲ್ಲ ಅನ್ನೋರ ಹತ್ರ ಮಾತ್ರ ಹೀಗೆ ಮೆತ್ತಗೆ ಮಾತಾಡ್ತೀಯ. ನಾನು ನೋಡಿದ್ದೀನಿ ಕಣೇ."

ಈ ಮನುಷ್ಯ ಇಷ್ಟು ದಿನವೂ ಸಾಯುತ್ತೇನೆಂದೇ ತಿಳಿದು, ನನಗೆ ನೋವಾದೀತೆಂದು ಬಾಯಿ ಬಿಡದೆ, ನಾನು ಕೊಟ್ಟ ಗಂಜಿಯನ್ನೆಲ್ಲ ನುಂಗಿದ್ದಾರೆ.

ಏನಾದರೂ ಹೇಳಬೇಕಿತ್ತು. ಮೂಗು ಒರೆಸಿಕೊಂಡು ಎದ್ದು ನಿಂತೆ.

"ಏನ್ರೀ, ನಿಮ್ಮನ್ನ ಕಳಿಸಿ ನಾನು ಯಾರ ಹತ್ರ ಬಾಯಿ ಮಾಡ್ಲಿ? ಆ ತಲೆ ಇನ್ನೂ ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ. ಕೊರೆಯೋಕೆ ಹೋಗಿ ಸರ್ಜನ್ ಬೆವರಿಬಿಟ್ರಂತೆ. ಒಳಗೆ ಏನೂ ಇಲ್ಲ ಅನ್ಕೊಂಡಿದ್ದೆ ನಾನು, ಪುಣ್ಯಕ್ಕೆ ರಕ್ತನಾದ್ರೂ ಸಿಕ್ತು. ಸುಮ್ನೆ ಮಲ್ಕೊಳ್ಳಿ. ಮನೆಗೆ ನಡೀರಿ, ಹಾಲು ಚೆಲ್ಲಿದ್ದಕ್ಕೆ ಬಡ್ಡಿ ಸಮೇತ ಇದೆ ನಿಮಗೆ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊದಿಕೆಯನ್ನು ಮುದುರಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಹಾಗಾದ್ರೆ ಸರಿ" ಎಂದರು. ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಶುರುವಾಯಿತು. ನಾನು ಪಕ್ಕದಲ್ಲಿ ಕೂತು, ಅವರಿಗೆ ಕೇಳಿಸದ ಹಾಗೆ, ಮನಸ್ಸು ತುಂಬ ಅತ್ತೆ.